ಎರಿ, ಏರಿ ಮತ್ತು ಹದಿನಾರು ಪುಟದ ಲೆಕ್ಕ

ನಮ್ಮ ಪತ್ರಿಕೆಯ ಕಚೇರಿ ಅಂದರೆ ತಳಕಲ್ಲಿನ ನನ್ನ ಮನೆಯ ಪಡಸಾಲೆ. ತ್ರೈಮಾಸಿಕ, 64 ಪುಟ, 300 ಪ್ರತಿ, ಒಳಪುಟದ ತಳದಲ್ಲಿ ‘ಖಾಸಗಿ ಪ್ರಸಾರಕ್ಕಾಗಿ ಮಾತ್ರ’ ಎಂಬ ಸಾಲು. ಅಚ್ಚಾಗುವುದು ಗದಗಿನಲ್ಲಿ. ಮುದ್ರಣ ಕಾಶಿ ಎಂದು ಹೆಸರಾದ ಊರು ರೈಲಿನ ದಾರಿಯಲ್ಲೇ ಇರುವಾಗ ಬೇರೆಡೆ ಯಾಕೆ ಹೋಗಬೇಕು? ಒಂದೇ ತೊಂದರೆ ಅಂದರೆ ಲಗ್ನದ ಸೀಜನ್. ಆಗ ಲಗ್ನಪತ್ರಿಕೆಗಳು ಮುಂದೆ, ನಮ್ಮ ಕವಿತೆಗಳು ಹಿಂದೆ.

ಸಂಪಾದಕನಾದ ಹೊಸದರಲ್ಲಿ ನನಗೆ ಫಾರಂ ಲೆಕ್ಕವೇ ಗೊತ್ತಿರಲಿಲ್ಲ. 67 ಪುಟದ ಸಾಮಗ್ರಿ ಒಯ್ದಿದ್ದೆ. ಪ್ರೆಸ್ಸಿನವರು ನಕ್ಕು, “ಸರ, ಹದಿನಾರರ ಮಗ್ಗಿ ಬರ್ತದಿಲ್ರಿ?” ಅಂದರು. ಒಂದು ಫಾರಂಗೆ 16 ಪುಟ. 64 ಆಗಬೇಕು, ಇಲ್ಲವೇ 80. ಮೂರು ಪುಟ ಕಡಿಮೆ ಮಾಡಲು ಅಲ್ಲೇ ಬೆಂಚಿನ ಮೇಲೆ ಕೂತು ಒಂದು ಪ್ರಬಂಧವನ್ನು ಕತ್ತರಿಸಿದೆ. ಕತ್ತರಿಸಿದ ಮೇಲೆ ಅದು ಚೆಂದವಾಯಿತು ಎಂಬ ಸತ್ಯವನ್ನು ಬರೆದವರಿಗೆ ಇವತ್ತಿಗೂ ಹೇಳಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಬೇರೆ. ಯಲಬುರ್ಗಾ ಕಡೆಯ ಹುಡುಗನೊಬ್ಬ ‘ಎರಿ ಹೊಲದಾಗ’ ಎಂದು ಶುರುವಾಗುವ ಕವಿತೆ ಕಳಿಸಿದ್ದ. ಕರಡು ತಿದ್ದುವಾಗ ‘ಎ’ಗೆ ದೀರ್ಘ ಬಿಟ್ಟುಹೋಗಿದೆ ಎಂದುಕೊಂಡು ‘ಏರಿ’ ಮಾಡಿದೆ. ಮುಂದೆ ‘ಮಸಾರಿ’ ಅಂತಿತ್ತು, ಎಲ್ಲರಿಗೂ ತಿಳಿಯಲಿ ಎಂದು ‘ಕೆಂಪುಮಣ್ಣು’ ಮಾಡಿದೆ. ಸಂಚಿಕೆ ತಲುಪಿದ ದಿನವೇ ಫೋನು ಬಂತು. “ಸರ, ಏರಿ ಕೆರಿಗೆ ಇರ್ತದ್ರಿ. ಹೊಲಕ್ಕ ಒಡ್ಡು ಇರ್ತದ. ನಾ ಬರದದ್ದು ಎರಿ, ಕರಿ ಮಣ್ಣು. ನಿಮಗ ಗೊತ್ತಿಲ್ಲೇನ್ರಿ?”

ಗೊತ್ತಿತ್ತು. ನಾನು ಹುಟ್ಟಿದ್ದೇ ಎರಿ ಸೀಮೆಯಲ್ಲಿ. ಮಳೆ ಬಿದ್ದಾಗ ಎರಿಯೊಳಗೆ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಮಸಾರಿಯಾದರೆ ತಾಸೊತ್ತಿಗೆ ಆರುತ್ತದೆ. ಇದೆಲ್ಲ ಕಾಲಿಗೆ ಗೊತ್ತಿತ್ತು, ಪೆನ್ನಿಗೆ ಗೊತ್ತಿರಲಿಲ್ಲ. 1948ರವರೆಗೆ ನಮ್ಮ ಹಳ್ಳಿಗಳು ನಿಜಾಮರ ಕೆಳಗಿದ್ದವು, ಕಾಗದಪತ್ರದ ಭಾಷೆ ಉರ್ದು. ಗದಗು, ಧಾರವಾಡ ಮುಂಬಯಿ ಪ್ರಾಂತ. ಕನ್ನಡದ ಪುಸ್ತಕ ಆ ಕಡೆಯಿಂದಲೇ ಬರಬೇಕಿತ್ತು. ಹೊರಗಿನಿಂದ ಬಂದ ಕನ್ನಡವೇ ಸರಿ, ಮನೆಯದು ತಪ್ಪು ಎಂಬ ಅಂಜಿಕೆ ನಮ್ಮ ಮಾಸ್ತರರಿಗೆ ಅಂಟಿತ್ತು, ಅವರಿಂದ ನನಗೆ ಬಂತು. ತಮಾಷೆ ನೋಡಿ: ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ನಂಜನಗೂಡು ಸೀಮೆಯ ಮಾತು ಹೇಗೆ ಹರಿದಿದೆ ಎಂದು ವೇದಿಕೆ ಹತ್ತಿ ಹೊಗಳಿದವನೂ ನಾನೇ. ನಮ್ಮದೇ ಸೀಮೆಯ ಮಾತು ಮೇಜಿಗೆ ಬಂದರೆ ಕೆಂಪು ಪೆನ್ನು ಹುಡುಕುತ್ತಿದ್ದೆ. ಈಗ ಅನುಮಾನ ಬಂದ ಶಬ್ದಕ್ಕೆ ಗೆರೆ ಎಳೆದು ಬರೆದವರಿಗೆ ಫೋನು ಮಾಡುತ್ತೇನೆ. ಹತ್ತರಲ್ಲಿ ಎಂಟು ಸಲ ತಪ್ಪು ನನ್ನದೇ.

ಇನ್ನು ಕಂಪ್ಯೂಟರು ತಾನೇ ಮಾಡುವ ತಿದ್ದುಪಡಿ ಬೇರೆ. ನುಡಿ ತಂತ್ರಾಂಶದ ಹಳೆ ಅಕ್ಷರದಲ್ಲಿ ಬಂದದ್ದನ್ನು ಯುನಿಕೋಡಿಗೆ ತಿರುಗಿಸಿದರೆ ಅರ್ಕಾವತ್ತು ಜಾಗ ಬಿಟ್ಟು ಓಡುತ್ತದೆ: ‘ಧರ್ಮ’ ಹೋಗಿ ‘ಧಮರ್’. ನಮ್ಮ ಒಂದು ಸಂಚಿಕೆಯ ಸಂಪಾದಕೀಯದಲ್ಲಿ ನಾಲ್ಕು ಕಡೆ ಧಮರ್ ಉಳಿದಿತ್ತು.

ಪತ್ರಿಕೆಯ ಜೊತೆಗೆ ನಾವು ತಂದ ಎರಡು ಕವನ ಸಂಕಲನಗಳ ಕಥೆಗೆ ಬರುತ್ತೇನೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ನಮ್ಮ ಕೊಪ್ಪಳ ಜಿಲ್ಲೆಗೆ ಆಗ ಇದ್ದದ್ದು ನಾಲ್ಕೇ ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ನಾಲ್ಕಕ್ಕೂ ಅನ್ಯಾಯ ಆಗಬಾರದೆಂದು ಮೊದಲ ಸಲ ‘ಪ್ರಾತಿನಿಧಿಕ ಕವನ ಸಂಕಲನ’ ತಂದೆವು. 104 ಕವಿಗಳು, ತಲಾ ಎರಡು ಪುಟ, ತಲಾ 500 ರೂಪಾಯಿ, ಬದಲಿಗೆ ಐದು ಪ್ರತಿ. ಹದಿಮೂರು ಫಾರಂ ಭರ್ತಿ, ಮುನ್ನುಡಿ ಹಾರೈಕೆಗಳಿಗೆ ಇನ್ನೊಂದು. ಪ್ರೆಸ್ಸಿನ ಸಾಲ ಉಳಿಯಲಿಲ್ಲ. ಬಿಡುಗಡೆಯ ದಿನ ಎಲ್ಲರೂ ಪುಸ್ತಕ ತೆರೆದರು, ತಂತಮ್ಮ ಪುಟಕ್ಕೆ. ಆಮೇಲೆ ಆ ಪುಸ್ತಕದ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ, ಬಯ್ಯಲೂ ಇಲ್ಲ.

ಮುಂದೆ ಎಷ್ಟೋ ದಿನಕ್ಕೆ, 1970ರಲ್ಲಿ ಲಂಕೇಶರು ಸಂಪಾದಿಸಿದ ‘ಅಕ್ಷರ ಹೊಸ ಕಾವ್ಯ’ ಮತ್ತೆ ಕೈಗೆತ್ತಿಕೊಂಡೆ. ಅಲ್ಲಿ ತಾಲ್ಲೂಕಿನ ಲೆಕ್ಕವಿಲ್ಲ, ಒಬ್ಬ ಓದುಗನ ಹಟ ಇದೆ. ಒಪ್ಪದಿದ್ದರೆ ಜಗಳವಾಡಬಹುದು. ನನ್ನ 104 ಮಂದಿಯ ಜೊತೆ ಜಗಳವಾಡಲು ಏನೂ ಇರಲಿಲ್ಲ, ಯಾಕೆಂದರೆ ನಾನು ಏನನ್ನೂ ಆರಿಸಿರಲಿಲ್ಲ, ಜಮಾ ಮಾಡಿದ್ದೆ ಅಷ್ಟೆ.

ಎರಡನೆಯದಕ್ಕೆ ರೊಕ್ಕ ತಗೊಳ್ಳಲಿಲ್ಲ. ಪತ್ರಿಕೆಯ ಹಳೆ ಸಂಚಿಕೆಗಳನ್ನೆಲ್ಲ ಹಾಸಿಕೊಂಡು ಓದಿ 21 ಮಂದಿಯನ್ನು ಆರಿಸಿದೆ. ಎರಿ ಹೊಲದ ಹುಡುಗನ ಕವಿತೆ ಮೊದಲನೆಯದು, ಅವನು ಬರೆದ ಹಾಗೆಯೇ. ಬಿಟ್ಟುಹೋದವರಲ್ಲಿ ನನ್ನ ಹೆಂಡತಿಯ ಅಣ್ಣ ಇದ್ದರು. ಮೊದಲ ಸಂಕಲನದಲ್ಲಿ ಹಾರೈಕೆ ಬರೆದಿದ್ದ ಹಿರಿಯರೂ ಇದ್ದರು. ನಿಲ್ದಾಣದಲ್ಲಿ ಎದುರಾದರೆ ಅವರು ಎರಡು ವರ್ಷ ನನ್ನ ಬದಲು ಹಳಿ ನೋಡಿದರು. ಹೆಂಡತಿಯ ಅಣ್ಣ ಮಾತ್ರ ಹಬ್ಬಕ್ಕೆ ಬಂದು ಹೋಳಿಗೆ ಉಂಡು, “ನನ್ನ ಕವಿತೆ ಅಷ್ಟು ಕೆಟ್ಟದೇನು ಮಾವಾ?” ಎಂದು ಕೇಳಿದರು. ಹೌದು ಅನ್ನಲು ಆಗಲಿಲ್ಲ, ಅಲ್ಲ ಅನ್ನಲೂ ಇಲ್ಲ.

ರೊಕ್ಕದ ಲೆಕ್ಕದಲ್ಲಿ ಆ ಪುಸ್ತಕ ನಷ್ಟ. ಅಂಚೆ ಖರ್ಚೂ ಏರಿದೆ: ಪುಸ್ತಕಗಳಿಗಿದ್ದ ಅಗ್ಗದ ರಿಜಿಸ್ಟರ್ಡ್ ದರ 2024ರ ಡಿಸೆಂಬರಿನಲ್ಲಿ ನಿಂತಿತು. ಹೀಗಾಗಿ ಗದಗಿನಿಂದ ಬರುವಾಗ ಹರ್ಲಾಪುರ ದಾಟುವುದರೊಳಗೆ ರೈಲಿನ ಡಬ್ಬಿಯಲ್ಲಿ ಗುರುತಿನವರು ಸಿಕ್ಕರೆ ಅವರ ಕೈಗೇ ಪ್ರತಿ ಕೊಡುತ್ತೇನೆ. ಚಿಲ್ಲರೆ ಇಲ್ಲ ಅಂದರೂ ಬಿಡುವುದಿಲ್ಲ.

ಯುಗಾದಿ ಸಂಚಿಕೆಗೆ ಕವಿತೆ ಕಳಿಸುವವರು ಯುನಿಕೋಡಿನಲ್ಲಿ ಕಳಿಸಿ. ಕೈಬರಹವಾದರೆ ಇನ್ನೂ ಒಳ್ಳೆಯದು, ಧಮರ್ ಕಾಟ ಇರುವುದಿಲ್ಲ. ನಿಮ್ಮೂರಿನ ಶಬ್ದ ಬಳಸಿದ್ದರೆ ಅಂಚಿನಲ್ಲಿ ‘ತಿದ್ದಬೇಡಿ’ ಎಂದು ಬರೆಯಿರಿ. ಸಂಪಾದಕನನ್ನು ಹಳೆ ಚಾಳಿ ಪೂರ್ತಿ ಬಿಟ್ಟಿಲ್ಲ.