ಕಲಿಯುಗವೆಂಬ ಇಳಿಜಾರು: ಕೋಲ್ಕತ್ತದ ಸಾಕ್ಷ್ಯ

ಪುರಾಣಗಳ ಪ್ರಕಾರ ಕಲಿಯುಗದ ಅವಧಿ 4,32,000 ವರ್ಷ. ಧರ್ಮಕ್ಕೆ ಉಳಿದಿರುವುದು ಒಂದೇ ಕಾಲು. ಕೋಲ್ಕತ್ತ ಸಮೀಪದ ಶ್ರೀರಾಮಪುರದ ಶ್ರೀಯುಕ್ತೇಶ್ವರ ಗಿರಿ ಇದನ್ನು ಒಪ್ಪಲಿಲ್ಲ. 24,000 ವರ್ಷಗಳ ಚಕ್ರದಲ್ಲಿ ಕಲಿ ಮುಗಿದು ಏರುಮುಖದ ದ್ವಾಪರ ನಡೆದಿದೆ ಎಂಬುದು ‘ಕೈವಲ್ಯ ದರ್ಶನಂ’ನಲ್ಲಿ ಅವರ ವಾದ. ಆ ಗಣಿತಕ್ಕೆ ಇಂದಿನ ಖಗೋಳಶಾಸ್ತ್ರದ ಬೆಂಬಲವಿಲ್ಲ. ಆದರೆ ಏರಿಕೆಗೆ ಸಾಕ್ಷ್ಯವಿದೆ. ಸತಿ ಪದ್ಧತಿಯ ನಿಷೇಧ ಹೊರಬಿದ್ದದ್ದು 1829ರಲ್ಲಿ, ಕೋಲ್ಕತ್ತದಿಂದಲೇ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ, ಕಾಲರಾ ಸಾವನ್ನು ಶೇ. 30ರಷ್ಟಿದ್ದದ್ದರಿಂದ ಶೇ. 4ಕ್ಕಿಂತ ಕೆಳಗಿಳಿಸಿದರು. 1943ರ ಬಂಗಾಳ ಕ್ಷಾಮದ ಲಕ್ಷಾಂತರ ಸಾವುಗಳನ್ನು ಮರೆಯಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ಕ್ಷಾಮದ ಮೂಲದಲ್ಲಿ ಆಹಾರದ ಕೊರತೆಗಿಂತ ಬಡವರ ಕೊಳ್ಳುವ ಶಕ್ತಿಯ ಕುಸಿತವಿತ್ತೆಂದು ಅಮರ್ತ್ಯ ಸೇನ್ 1981ರಲ್ಲಿ ವಾದಿಸಿದರು; ಅದನ್ನು ಯುಗದ ತಲೆಗೆ ಕಟ್ಟಿದರೆ ಆಡಳಿತ ಹೊಣೆಯಿಂದ ನುಣುಚಿಕೊಳ್ಳುತ್ತದೆ.