ನೆಲಹಾಸು ಕಾಮಗಾರಿ: ಟೈಲ್ಸ್‌ಗಳನ್ನು ನೀರು ಹಾಯಿಸಿ ಕತ್ತರಿಸುವ ಕ್ರಮ

ಮಾನ್ಯ ಸದಸ್ಯರು ಅಂಗನವಾಡಿ ಕಟ್ಟಡದ ನೆಲಹಾಸು ಕಾಮಗಾರಿಯನ್ನು ಪರಿಶೀಲಿಸುವಾಗ, ಟೈಲ್ಸ್ ಕತ್ತರಿಸುವ ಸ್ಥಳದಲ್ಲಿ ಕೆಲಹೊತ್ತು ನಿಲ್ಲುವುದು ಒಳಿತು. ವಿಟ್ರಿಫೈಡ್ ಟೈಲ್ಸ್ ಬಲು ಗಡಸು. ನೀರಿಲ್ಲದೆ ಕೊಯ್ದರೆ ಬ್ಲೇಡ್ ಕಾದು ಅಂಚು ಸಿಡಿಯುತ್ತದೆ. ನೀರು ಹಾಯುವ ಮೇಜಿನ ಯಂತ್ರದಲ್ಲಿ, ಅಂಚಿನಲ್ಲಿ ಸೀಳುಗಳಿಲ್ಲದ ಡೈಮಂಡ್ ಬ್ಲೇಡ್ ಬಳಸಿ, ಹೊಳಪಿನ ಮೈಯನ್ನು ಮೇಲ್ಮುಖವಾಗಿರಿಸಿ ನಿಧಾನವಾಗಿ ಮುಂದೂಡಬೇಕು. ಕೊನೆಯ ಅಂಗುಲದಲ್ಲಿ ಒತ್ತಡ ಇನ್ನೂ ಕಡಿಮೆಯಿರಲಿ. ಮೂಲೆ ಮುರಿಯುವುದು ಅಲ್ಲಿಯೇ.

ಅಂಚಿನ ದೋಷವನ್ನು ಸ್ಕರ್ಟಿಂಗ್ ಮುಚ್ಚೀತು. ಆದರೆ ಒಣಗಿ ಹಾರುವ ಧೂಳಿನಲ್ಲಿರುವ ಸಿಲಿಕಾ ಕಾರ್ಮಿಕರ ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರಬಲ್ಲದು. ಅದು ಗುಣವಾಗದ ಕಾಯಿಲೆ. ಮೂಗಿಗೆ ಕಟ್ಟಿದ ಟವೆಲ್ ಅದನ್ನು ತಡೆಯದು. ಒಣಕೊಯ್ತದ ಕೈಕಟರ್‌ಗೆ ಬಾಟಲಿಯಿಂದ ನೀರು ಸುರಿಯುವ ರೂಢಿಯೋ ವಿದ್ಯುದಾಘಾತಕ್ಕೆ ದಾರಿ. ಅರ್ಥಿಂಗ್ ಹಾಗೂ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇವೆಯೇ ಎಂಬುದನ್ನೂ ಸ್ಥಳದಲ್ಲೇ ವಿಚಾರಿಸತಕ್ಕದ್ದು.