ಕಡಲ ಸ್ಪಂಜಿನಿಂದ ಬಂದ ಔಷಧ

ಶಂಖಭಸ್ಮ, ಮುಕ್ತಾಪಿಷ್ಟಿ, ಪ್ರವಾಳಭಸ್ಮ ಇವೆಲ್ಲ ಆಯುರ್ವೇದವು ಕಡಲಿನಿಂದ ಪಡೆದ ಔಷಧಗಳು. ಕಿವಿ ಸೋರುವುದಕ್ಕೆ ಬಳಸುತ್ತ ಬಂದ ಸಮುದ್ರಫೇನವು ಹೆಸರಿಗೆ ಕಡಲ ನೊರೆ. ವಾಸ್ತವದಲ್ಲಿ ಅದು ಕಟ್ಲ್‌ಫಿಶ್ ಎಂಬ ಜೀವಿಯ ಒಳಚಿಪ್ಪು. ಕಡಲಿನಿಂದ ದೂರವಿರುವ ನಮ್ಮ ಸೀಮೆಯ ವೈದ್ಯರಿಗೂ ಇವು ಹೊಸತಲ್ಲ.

ಈಚೆಗೆ ಸತ್ತೇಗಾಲದ ಗೃಹಸ್ಥರೊಬ್ಬರು ಮಗನನ್ನು ನಮ್ಮಲ್ಲಿಗೆ ಕರೆತಂದರು. ಹುಡುಗನಿಗೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಬೇಗನೆ ಉಲ್ಬಣಿಸುವ ಒಂದು ಬಗೆಯ ರಕ್ತದ ಕ್ಯಾನ್ಸರ್, ಎಂದು ಬೆಂಗಳೂರಿನಲ್ಲಿ ನಿರ್ಣಯವಾಗಿತ್ತು. “ಕೆಮಿಕಲ್ ಔಸ್ದಿ ಬ್ಯಾಡ ಡಾಕ್ಟ್ರೇ, ನೀವೇ ಏನಾರ ಕೊಡಿ” ಎಂದರು. ಅವರ ಕೈಯಲ್ಲಿದ್ದ ಚೀಟಿಯಲ್ಲಿ ಸೈಟರಬಿನ್ ಎಂದು ಬರೆದಿತ್ತು. ಆ ಔಷಧದ ಹುಟ್ಟನ್ನು ಅವರಿಗೆ ಹೇಳಿದೆವು.

ಸ್ಪಂಜಿಗೆ ಮಿದುಳಿಲ್ಲ, ನರವಿಲ್ಲ, ಹೊಟ್ಟೆಯೂ ಇಲ್ಲ. ಮೈಯ ರಂಧ್ರಗಳಲ್ಲಿ ನೀರನ್ನು ಸೋಸಿ ಬದುಕುವ ಪ್ರಾಣಿಯದು. ಫ್ಲೋರಿಡಾದ ಕಡಲಿನ ಒಂದು ಸ್ಪಂಜಿನಲ್ಲಿ ವರ್ನರ್ ಬರ್ಗ್‌ಮನ್ ಮತ್ತು ಫೀನಿ ಎಂಬ ವಿಜ್ಞಾನಿಗಳು 1950ರ ಸುಮಾರಿಗೆ ವಿಲಕ್ಷಣ ವಸ್ತುಗಳನ್ನು ಕಂಡರು. ಅವು ಡಿಎನ್‌ಎಯ ಘಟಕಗಳನ್ನೇ ಹೋಲುತ್ತಿದ್ದವು. ಆದರೆ ಅವುಗಳೊಳಗಿನ ಸಕ್ಕರೆ ಮಾತ್ರ ಬೇರೆ, ಅರಾಬಿನೋಸ್. ಅದೇ ಮಾದರಿಯನ್ನು ಅನುಸರಿಸಿ 1959ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸೈಟರಬಿನ್ ಸಿದ್ಧವಾಯಿತು. 1969ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ವೇಗವಾಗಿ ವಿಭಜಿಸುವ ಕ್ಯಾನ್ಸರ್ ಕೋಶವು ಇದನ್ನು ತನ್ನದೇ ಘಟಕವೆಂದು ಭ್ರಮಿಸಿ ಡಿಎನ್‌ಎಗೆ ಸೇರಿಸಿಕೊಳ್ಳುತ್ತದೆ. ಕೊಳ್ಳೇಗಾಲದ ರೇಷ್ಮೆ ಮಗ್ಗದಲ್ಲಿ ಗಂಟುಬಿದ್ದ ಎಳೆ ಸಿಕ್ಕಿಕೊಂಡಂತೆ ಅಲ್ಲಿಗೆ ನೇಯ್ಗೆ ನಿಲ್ಲುತ್ತದೆ, ಕೋಶ ಸಾಯುತ್ತದೆ.

ಇಂದು ಇದನ್ನು ಪ್ರಯೋಗಶಾಲೆಯ ವಿಧಾನದಿಂದಲೇ ತಯಾರಿಸುತ್ತಾರೆ, ಸ್ಪಂಜನ್ನು ಹಿಂಡುವುದಿಲ್ಲ. ಮೂಲ ನಿಸರ್ಗದ್ದಾದರೂ ಇದು ಸೌಮ್ಯವಲ್ಲ. ವಾಂತಿ, ಬಾಯಿಹುಣ್ಣು, ರಕ್ತಕಣಗಳ ಕುಸಿತ ಉಂಟಾಗುತ್ತವೆ. ಇದನ್ನೂ ಮುಚ್ಚಿಡದೆ ಹೇಳಿದೆವು. ವತ್ಸನಾಭಿಯೂ ನಿಸರ್ಗದ್ದೇ ಅಲ್ಲವೇ?

ಹೀಗೆ ಒತ್ತಿ ಹೇಳಲು ಕಾರಣವಿದೆ. ವೃತ್ತಿಯ ಆರಂಭದಲ್ಲಿ ಮಗುವೊಂದರ ಬಿಳಿಚಿಕೆಯನ್ನು ಪಾಂಡುರೋಗವೆಂದು ಬಗೆದು ಮೂರು ವಾರ ಲೋಹಭಸ್ಮ ಕೊಟ್ಟೆವು, ರಕ್ತಪರೀಕ್ಷೆ ಮಾಡಿಸಲಿಲ್ಲ. ಅದು ಲ್ಯುಕೇಮಿಯಾ ಆಗಿತ್ತು. ಆ ಮೂರು ವಾರಗಳನ್ನು ಮರಳಿ ಕೊಡಲು ನಮ್ಮಿಂದಾಗಲಿಲ್ಲ.

ಗೃಹಸ್ಥರು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಮಗನೊಡನೆ ಬೆಂಗಳೂರಿನ ಬಸ್ಸು ಹತ್ತಿದರೆಂದು ತಿಳಿಯಿತು.

ಮರುಕಳಿಸುವ ಜ್ವರ, ಏರುತ್ತಿರುವ ಬಿಳಿಚಿಕೆ, ವಸಡಿನಲ್ಲಿ ರಕ್ತ, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆಗಳು ಕಂಡರೆ ಸಿಬಿಸಿ ಎಂಬ ರಕ್ತಪರೀಕ್ಷೆಯನ್ನು ಕೂಡಲೇ ಮಾಡಿಸಿರಿ. ಕೀಮೋ ನಡೆಯುತ್ತಿರುವಾಗ ಭಸ್ಮವಾಗಲಿ ಕಷಾಯವಾಗಲಿ, ನಾವೇ ಕೊಟ್ಟದ್ದಾದರೂ ಸರಿ, ಕ್ಯಾನ್ಸರ್ ವೈದ್ಯರಿಗೆ ತಿಳಿಸದೆ ಸೇವಿಸಬೇಡಿರಿ.